ಮೂರನೇ ನಂಬರು

ಮುಂದಿನ ಸಾಲಿನಲ್ಲಿ ಮೂರು ಜನ.
ಮೂರನೆಯವಳು ನಾನು, ಪ್ರಾಪ್.
ಎಡಕ್ಕೆ ಹುಕರ್ ರೇಷ್ಮಾಬಾನು,
ನಮ್ಮಿಬ್ಬರ ಹೆಗಲಿಗೆ ಜೋತುಬಿದ್ದು
ಕಾಲು ಮಾತ್ರ ಚೆಂಡಿಗೆ ಇಟ್ಟವಳು.
ಹಿಂದೆ ಲಾಕ್ ಆಡುವ ಜೆಸಿಂತಾ
ನನ್ನ, ಅವಳ ಸೊಂಟದ ನಡುವೆ ತಲೆ ತೂರಿಸಿ
ಜಪ ಮಾಡುತ್ತಾಳೋ, ಬೈಯುತ್ತಾಳೋ.

ಕ್ರೌಚ್. ಬೈಂಡ್.
ದಾವಣಗೆರೆ ಹುಡುಗಿಯ ಕಿವಿ ನನ್ನ ಕಿವಿಗೆ.
ಅವಳೂ ಅಮೃತಾಂಜನ ಹಚ್ಚಿದ್ದಾಳೆ.
ಸೆಟ್.

ಆಮೇಲೆ ಕಾಣುವುದು
ಸಹ್ಯಾದ್ರಿ ಕಾಲೇಜು ಮೈದಾನದ
ಒಂದು ಗೇಣು ಹುಲ್ಲು,
ಅದರಲ್ಲೊಂದು ಕಟ್ಟಿರುವೆ, ತನ್ನ ಪಾಡಿಗೆ ತಾನು.

ಚೆಂಡು ಎತ್ತ ಹೋಯಿತೋ.
ತಲೆ ಎತ್ತುವಷ್ಟರಲ್ಲಿ ವಿಂಗ್‌ನ ಸಿಂಚನ
ಆ ತುದಿಯ ಗೆರೆಯಾಚೆ ಬಿದ್ದುಕೊಂಡು ನಗುತ್ತಿದ್ದಾಳೆ,
ಎಲ್ಲರ ಮೊಬೈಲೂ ಅವಳ ಕಡೆ.

ಎಪಿಎಂಸಿಯಲ್ಲಿ ಮೂಟೆ ಹೊರುವ ಅಪ್ಪ
ಬೇಲಿಯಾಚೆ ನಿಂತಿದ್ದ, ಬಾಯಲ್ಲಿ ಹಚ್ಚದ ಬೀಡಿ.
ಚೆಂಡು ಯಾಕೆ ಉದ್ದ ಅಂತ
ಪಕ್ಕದವರನ್ನು ಕೇಳಿದನಂತೆ, ಅಷ್ಟೇ.

ಸಿಟಿ ಬಸ್ಸು ತುಂಗೆಯ ಸೇತುವೆ ದಾಟಿದ ಮೇಲೆ
ಕಿಟಕಿ ಕಡೆ ನೋಡುತ್ತಲೇ ಅಂದ:
"ಎರಡನೇ ಸಲ ನೂಕುವಾಗ ಬೆನ್ನು ಗೂನಾಯ್ತು.
ಭಾರ ಮೊಣಕಾಲಿಗೆ ಬಿಡು,
ಸೊಂಟಕ್ಕೆ ಕೊಡಬೇಡ."

ನನ್ನ ಕಿವಿ ಇನ್ನೂ ಬಿಸಿಯಿತ್ತು.
"ಆ ಕಡೆಯ ಹುಡುಗಿ," ಅಂದ ಮತ್ತೆ,
"ಅವಳಿಗೂ ಯಾರೋ ಕಲಿಸಿದ್ದಾರೆ."