ಒಂದೇ ಒಂದು ಬಟಾಟೆ

ಸೋಮವಾರ, ಬುಧವಾರ, ಶುಕ್ರವಾರ
ಪ್ರೆಸ್ಟನ್ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ
ನಾಲ್ಕು ನಾಲ್ಕು ತಾಸು.
ಅತ್ತೆಯ ರಕ್ತ ಕೊಳವೆ ಹಿಡಿದು ಹೊರಗೆ ಹೋಗಿ
ತೊಳೆಸಿಕೊಂಡು ಮನೆಗೆ ಬರುತ್ತದೆ.
ನಾನು ಲೈಬ್ರರಿಯ ದಪ್ಪ ಕಾದಂಬರಿ ತೊಡೆಯ ಮೇಲಿಟ್ಟು
ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತೇನೆ.

ಎಂಟುನೂರಾ ಹನ್ನೆರಡು ಪುಟ.
ಗಡಿಯಾರ ರಿಪೇರಿಯ ಮನೆತನ, ನಾಲ್ಕು ತಲೆಮಾರು.
ಹಿರಿಮಗ ಅಂಗಡಿಗೆ, ಕಿರಿಮಗ ಚರ್ಚಿಗೆ,
ಹೆಣ್ಣುಮಕ್ಕಳು ಕೇಳಿದವರಿಗೆ:
ಮುತ್ತಜ್ಜ ಬೈಬಲ್ಲಿನ ಒಳರಟ್ಟಿನ ಮೇಲೆ
ಬರೆದಿಟ್ಟೇ ಸತ್ತಿದ್ದಾನೆ.
ಅಗಸ್ಟಾ ಎಂಬ ಸೊಸೆ ಅತ್ತೆಯ ಬಾಯಲ್ಲಿ ಅಗಸ್ತಿ,
ಅವಳ ಮಾವ ಎಡ್ಮಂಡ್, ಎಡವಟ್ಟ.
ಇನ್ನೂರಾ ಆರನೆಯ ಪುಟದಲ್ಲಿ ಅವನು ಹೋದಾಗ
"ಹೋದ್ನಾ? ಚೊಲೋ ಆತು" ಅಂದು
ಮೋರೀನ್ ನರ್ಸ್ ಕೊಟ್ಟ ಬಿಸ್ಕೀಟು ಚಹಾಕ್ಕೆ ಅದ್ದಿದರು.

"ಇಷ್ಟ ಮಂದಿ ಅದಾರ,
ಏನ ಉಂತಾರ ಅಂತ ಬರಿಬಾರದ ಈ ಮನಶಾ?"
ಹುಡುಕಿದೆ. ಮುನ್ನೂರು ಪುಟ ದಾಟಿದರೂ
ಒಂದೇ ಒಂದು ಬಟಾಟೆ.

ಆಮೇಲೆ ಅಗಸ್ತಿ ಬಸಿರಾದಳು.
ಗಂಡೇ ಎಂದು ಎಲ್ಲರಿಗೂ ಗೊತ್ತು;
ತೊಟ್ಟಿಲಿಗೆ ಆಗಲೇ ಮುತ್ತಜ್ಜನ ಹೆಸರು ಕೆತ್ತಿದ್ದಾರೆ.
ನನ್ನ ಎರಡನೆಯ ಹೆರಿಗೆಗೆ
ಗದಗಿನಿಂದ ಅತ್ತೆ ಒಂದು ಕುಲಾವಿ ತಂದಿದ್ದರು,
ಮಾವನ ಹೆಸರು ಕಸೂತಿ ಹಾಕಿ.
ಹುಟ್ಟಿದ್ದು ಮತ್ತೆ ಹೆಣ್ಣು.
ಕುಲಾವಿ ಯಾವ ಪೆಟ್ಟಿಗೆಯ ತಳ ಸೇರಿತೋ,
ಹತ್ತೊಂಬತ್ತು ವರ್ಷ ನಾವಿಬ್ಬರೂ ಆ ಮಾತೆತ್ತಿಲ್ಲ.

ಪುಸ್ತಕದಲ್ಲಿ ಅಗಸ್ತಿ ಸುಮ್ಮನೆ ಅಳುತ್ತಾಳೆ,
ಆರು ಪುಟ.
ನಾನು ಎಬ್ಬಿಸಿದೆ.
ಕೈಗೆ ಉಳಿ ಕೊಟ್ಟು ಆ ಹೆಸರು ಕೆತ್ತಿಸಿ ತೆಗೆದೆ,
ಮಗಳನ್ನು ಬಗಲಿಗೆ ಕೊಟ್ಟು ರಾತ್ರಿ ರೈಲು ಹತ್ತಿಸಿದೆ,
ಬ್ಲ್ಯಾಕ್‌ಪೂಲಿನಲ್ಲಿ ಇಳಿಸಿ
ಒಂದು ಬ್ರೆಡ್ಡಿನ ಅಂಗಡಿ ಹಾಕಿಕೊಟ್ಟೆ.
ಹಿಟ್ಟು ನಾದಿದಳು, ಹಂಚಿನ ಮೇಲೆ ಉಬ್ಬಿತು,
ಸಾಲ ಕೂಡ ತೀರಿಸಿಬಿಟ್ಟೆ.

ಅತ್ತೆ ಕಣ್ಣು ಮುಚ್ಚಿಯೇ ಇದ್ದರು.
"ಮಂದಾ,
ಹಾಳಿ ತಿರುವಿದ ಸಪ್ಪಳ ಕೇಳಿ ತಾಸಾತು.
ಇದು ಪುಸ್ತಕದಾಗಿಲ್ಲ, ಹೌದಿಲ್ಲ?"

ಬೆರಳಿಟ್ಟ ಜಾಗದಲ್ಲಿ ಕಾಗದ ಒದ್ದೆಯಾಗಿತ್ತು.
ಮೋರೀನ್ ಬಂದಳು, ಸೂಜಿ ಬಿಚ್ಚಿದಳು,
ಹತ್ತಿ ಒತ್ತಿ ಹಿಡಿ ಎಂದು ನನ್ನ ಹೆಬ್ಬೆರಳು ಕೂರಿಸಿ ಹೋದಳು.
ಹೆಬ್ಬೆರಳ ಕೆಳಗೆ ಅತ್ತೆಯ ನಾಡಿ
ಗುಂಯ್‌ಗುಡುತ್ತಿತ್ತು.

"ಬ್ರೆಡ್ಡಿಗೆ ಉಪ್ಪು ಹಾಕ್ತಾಳೇನ ಅಕಿ?"
ಗೊತ್ತಿಲ್ಲ ಅಂದೆ.
"ಹಾಕ್ಲಿ. ಕೈತುಂಬ ಹಾಕ್ಲಿ.
ನನಗ ಬ್ಯಾಡಂದಾರ.
ಅಕಿಗ್ಯಾರೂ ಅಂದಿಲ್ಲಲಾ."