ಹೈಡ್ರೆಂಟಿನ ಕೀಲಿ

ಮುಷ್ಕರದ ಹನ್ನೊಂದನೆಯ ರಾತ್ರಿ. ಬರ್ನ್ಲಿ ಠಾಣೆಯ ಬಾಗಿಲಲ್ಲಿ
ಎಣ್ಣೆ ಡ್ರಮ್ಮಿಗೆ ತೂತು ಕೊರೆದು ಹಲಗೆ ಚೂರು ಸುಡುತ್ತಿದ್ದೆವು.
ತಮಾಷೆ ನೋಡಿ: ಇಪ್ಪತ್ತು ವರ್ಷ ಬೆಂಕಿ ಆರಿಸಿದ ಕೈ
ಈಗ ಬೆಂಕಿ ಆರದ ಹಾಗೆ ಪಾಳಿ ಹಾಕಿ ಕಾಯುತ್ತಿತ್ತು.

ಒಳಗೆ ನಮ್ಮ ಕೆಂಪು ಬಂಡಿಗಳು
ಕತ್ತಲಲ್ಲಿ ಮೂತಿ ಮುಂದಿಟ್ಟು ನಿಂತಿದ್ದವು,
ಕಟ್ಟಿಹಾಕಿದ ಹಸು ದೂರದಲ್ಲಿ ಕರು ಕೂಗಿದ್ದನ್ನು
ಕೇಳಿಸಿಕೊಳ್ಳುವ ಹಾಗೆ.

ಆಗ ಬಂದಳು ಅವಳು, ಇಳಿಜಾರಿನಲ್ಲೂ ಏದುಸಿರು ಬಿಡುತ್ತ.
ಸೇನೆಯ ಹಸಿರು, ಗುಂಡು ಮೂತಿ, ಹಿತ್ತಾಳೆಯ ಗಂಟೆ.
'ಹಸಿರು ದೇವತೆ' ಅಂತ ಯಾರೋ ಇಟ್ಟ ಹೆಸರು.
ದೇವತೆಯ ವೇಗ ತಾಸಿಗೆ ನಲವತ್ತೇ ಮೈಲಿ,
ಅದೂ ಗಾಳಿ ಬೆನ್ನಿಗಿದ್ದರೆ.

ಅಣುಬಾಂಬಿನ ಬೆಂಕಿಗೆಂದು ಕಟ್ಟಿಸಿದ್ದರಂತೆ ಅವಳನ್ನು.
ಆ ಬೆಂಕಿ ಬರಲಿಲ್ಲ. ಬಂದಿದ್ದರೆ
ಯಾರು ಉಳಿದು ಏನನ್ನು ಆರಿಸುತ್ತಿದ್ದರೋ.
ಕಾಲು ಶತಮಾನ ಯಾವುದೋ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು,
ಆಗೀಗ ಇಂಜಿನ್ನು ಕೆಮ್ಮಿಸಿಕೊಂಡು,
ಲೋಕ ಮುಳುಗುವ ದಿನಕ್ಕೆ ಕಾದು ಕೂತವಳು
ಕೊನೆಗೆ ಹೊರಬಂದದ್ದು ನಮ್ಮ ಸಂಬಳದ ಜಗಳಕ್ಕೆ.

ಸ್ಟೀರಿಂಗ್ ಹಿಡಿದವನಿಗೆ ಹತ್ತೊಂಬತ್ತಿರಬಹುದು.
ದಾರಿ ತೋರಿಸುವ ಪೊಲೀಸಿನವನ ಮೋಟಾರ್‌ಸೈಕಲ್ಲು
ಮಂಜಿನಲ್ಲಿ ಎಲ್ಲೋ ತಪ್ಪಿಹೋಗಿತ್ತು.
ಗಾಜು ಇಳಿಸಿ ಕೇಳಿದ, ವೇಲ್ಸ್ ಕಡೆಯ ರಾಗ:
"ಟೆಂಟರ್ ಬೀದಿ ಎಲ್ಲಿ ಬರುತ್ತೆ?"

ಯಾರೂ ತುಟಿ ಬಿಚ್ಚಲಿಲ್ಲ.
ವಿಲ್ಫ್ ಓಗ್ಡನ್ ಡ್ರಮ್ಮಿಗೆ ಇನ್ನೊಂದು ಹಲಗೆ ಹಾಕಿದ.
ಗಂಟೆಯ ನಾಲಗೆ ಹಿಡಿದ ಇನ್ನೊಬ್ಬ ಹುಡುಗ
ಅದನ್ನು ಬಿಡಲೋ ಬೇಡವೋ ಅಂತ ನಮ್ಮನ್ನೇ ನೋಡಿದ.

ಟೆಂಟರ್ ಬೀದಿ ನನಗೆ ಗೊತ್ತು.
ಒಂಬತ್ತನೇ ಮನೆಯ ಮುದುಕಿ ಹೇವರ್ತ್
ಚಳಿಗೆ ಮೂರು ಸೀಮೆಎಣ್ಣೆ ಸ್ಟವ್ ಹಚ್ಚುತ್ತಾಳೆ.
ಮೆಟ್ಟಿಲು ಬಾಗಿಲಿಗೆ ಎದುರಾಗೇ ಇದೆ, ಚಿಮಣಿಯ ಹಾಗೆ ಎಳೆಯುತ್ತದೆ.
ಹೈಡ್ರೆಂಟು ಪಬ್ಬಿನ ಗೋಡೆ ಬದಿ, ಮುಚ್ಚಳದ ಮೇಲೆ ಟಾರು ಬಳಿದಿದ್ದಾರೆ,
ಅದರ ಮರೆ ಉಲ್ಟಾ, ಊರಿಗೆಲ್ಲ ಅದೊಂದೇ ಹಾಗೆ.
ಇಷ್ಟೆಲ್ಲ ಗೊತ್ತಿರುವುದಕ್ಕೇ ಅಲ್ಲವೆ
ನಾವು ಹೆಚ್ಚಿಗೆ ಕೇಳಿದ್ದು?

ಸೈಕಲ್ಲಿಗೆ ಕಟ್ಟಿದ್ದ ಕೀಲಿ ಬಿಚ್ಚಿ ಕಿಟಕಿಯೊಳಗೆ ತೂರಿಸಿದೆ.
"ಎರಡನೇ ಎಡ. ಪಬ್ಬಿನ ಗೋಡೆ. ಎಡಕ್ಕೆ ತಿರುಗಿಸಬೇಡ, ಬಲಕ್ಕೆ."
"ಥ್ಯಾಂಕ್ಯೂ ಸರ್" ಅಂದ.
ನನ್ನನ್ನು ಸರ್ ಅಂದವರು ಅದೇ ಮೊದಲು.

ತಿರುಗಿದರೆ ಡ್ರಮ್ಮಿನ ಸುತ್ತ ನನ್ನ ಜಾಗ ಮುಚ್ಚಿತ್ತು.
ಸುಮಾರು ಹೊತ್ತಿನ ಮೇಲೆ ವಿಲ್ಫ್ ಅಂದ:
"ಅದು ಬ್ರಿಗೇಡಿನ ಸೊತ್ತು." ಅಷ್ಟೇ.

ಛಾವಣಿಗಳ ಮೇಲೆ ಹೊಗೆ ಎದ್ದಿತು.
ನೋಡುವುದಿಲ್ಲ ಅಂತ ಹಟ ಹಿಡಿದವರೂ ನೋಡಿದರು.
ಓದು ಬರುವವನಿಗೆ ಅಕ್ಷರ ಓದದೆ ಇರಲು ಬರುತ್ತದೆಯೆ?
ಕಪ್ಪು: ಅದು ಸೋಫಾ. ಕಂದು: ನೆಲದ ಮರ ಹಿಡಿಯಿತು.
ಕಂದು, ಕಂದು, ಇನ್ನೂ ಕಂದು.
ಹೋಸ್ ಪೈಪು ಎಷ್ಟು ಕಡೆ ಸೋರುತ್ತಿದೆಯೋ.
ಆಮೇಲೆ ಬಿಳಿ.
"ನೀರು ಬಿತ್ತು" ಅಂತ ಯಾರೋ ಅಂದರು, ಮೆಲ್ಲಗೆ,
ಬೈದ ಹಾಗೂ ಇತ್ತು, ಹರಸಿದ ಹಾಗೂ.

ಮುದುಕಿ ಬದುಕಿದಳು. ಅವಳ ಗಿಳಿ ಬದುಕಲಿಲ್ಲ.

ಜನವರಿಯಲ್ಲಿ ಕೆಲಸಕ್ಕೆ ಮರಳಿದೆವು, ಕೇಳಿದ್ದರಲ್ಲಿ ಒಂದು ಪಾಲಿಗೆ.
ಸಾಮಾನಿನ ಪುಸ್ತಕದಲ್ಲಿ ಗುಮಾಸ್ತ ಬರೆದ:
ಹೈಡ್ರೆಂಟ್ ಕೀಲಿ, ಒಂದು, ಕಾಣೆ.
ನನ್ನ ಸಂಬಳದಿಂದ ಒಂದು ಪೌಂಡ್ ನಲವತ್ತು ಪೆನ್ನಿ ಮುರಿದುಕೊಂಡರು.
ವಿಲ್ಫ್ ಮತ್ತೆ ಒಂಬತ್ತು ವರ್ಷ ನನ್ನ ಬೆನ್ನಿಗೇ ಪೈಪು ಹಿಡಿದ,
ಹೊಗೆಯಲ್ಲಿ ನನ್ನ ಬೆಲ್ಟು ಬಿಡಲಿಲ್ಲ,
ಆ ರಾತ್ರಿಯ ಮಾತು ಎತ್ತಲಿಲ್ಲ.

ಹುಡುಗನ ಹೆಸರು ಕೇಳಲಿಲ್ಲ ನಾನು.
ಕೀಲಿ ಇನ್ನೂ ಅವಳ ಸೀಟಿನಡಿ ಇರಬೇಕು,
ಬೇರೆ ಯಾವುದೋ ಶೆಡ್ಡಿನಲ್ಲಿ, ಇನ್ನೊಂದು ಟಾರ್ಪಾಲಿನ ಕೆಳಗೆ,
ಉಲ್ಟಾ ಮರೆಯ ಒಂದೇ ಒಂದು ಬಾಯಿಯ ನೆನಪಿನಲ್ಲಿ.