ಒಂಬೈನೂರ ಮೂವತ್ತೆಂಟು ಕಾಲು

ಬೈತಖೋಲ ಬಂದರಿನಲ್ಲಿ ನನ್ನ ಟೈಪಿಂಗ್ ಅಂಗಡಿ.
ಕಂಪ್ಯೂಟರಿಗೆ ಎದುರಿನ ಐಸ್ ಫ್ಯಾಕ್ಟರಿಯ
ತಗಡಿನ ತುಕ್ಕಿನಷ್ಟೇ ವಯಸ್ಸು.
ಒಂದು ಡೀಸೆಲ್ ಸಬ್ಸಿಡಿ ಅರ್ಜಿ ತೆರೆಯುವಷ್ಟರಲ್ಲಿ
ಹೊರಗೆ ಮೂರು ಬುಟ್ಟಿ ಬಂಗಡೆ ಹರಾಜಾಗುತ್ತಿತ್ತು.
"ಸುಲಕ್ಷಾ, ನಿನ್ನ ಪೆಟ್ಟಿಗೆಗಿಂತ ಭರತಿ ಬೇಗ ಏರ್ತದೆ"
ಎನ್ನುತ್ತಿದ್ದ ಉಲ್ಲಾಸ ಹರಿಕಂತ್ರ, ಬೆಂಚಿನ ಮೇಲೆ ಕಾಲು ಮಡಚಿ.

ಹೊಸದಕ್ಕೆ ದುಡ್ಡಿಲ್ಲ.
ಯಾರದೋ ಸತ್ತ ಯಂತ್ರದಿಂದ ಕಿತ್ತ ಪ್ರೊಸೆಸರು
ಹುಬ್ಬಳ್ಳಿಯಿಂದ ಬಂತು, ಥರ್ಮಾಕೋಲಿಗೆ ಚುಚ್ಚಿಕೊಂಡು.

ಬದಿಯ ತಗಡು ಬಿಚ್ಚಿದೆ.
ಉಪ್ಪುಗಾಳಿಗೆ ಕೆಂಪಾದ ತಿರುಪು, ಧೂಳಿನ ಕಂಬಳಿ,
ಒಂದು ಮೀನಿನ ಹುರುಪೆ, ಅದು ಹೇಗೆ ಬಂತೋ.
ಫ್ಯಾನಿನಡಿಯ ಪೇಸ್ಟು ಒಣಗಿತ್ತು
ಸುಣ್ಣದ ಡಬ್ಬಿಯ ತಳದಂತೆ.

ಬಂದ ಚಿಪ್ಪಿಗೆ ಒಂಬೈನೂರ ಮೂವತ್ತೆಂಟು ಕಾಲು.
ಎಣಿಸಿದ್ದಲ್ಲ, ಓದಿದ್ದು.
ಮೂಲೆಯಲ್ಲಿ ಒಂದು ಮಲಗಿತ್ತು.
ಒಂದೇ.
ಅದು ಏಳದೆ ಉಳಿದವೂ ಇಳಿಯವು.

ಟಿಫಿನ್ ಡಬ್ಬಿಯಲ್ಲಿಟ್ಟು ಕೋಡಿಬಾಗಕ್ಕೆ ಒಯ್ದೆ,
ವಿಠೋಬ ರೇವಣಕರರ ಬಳಿಗೆ.
ಮೂಗುತಿಯ ತಿರುಪು ಬದಿಗಿಟ್ಟು
ಕಣ್ಣಿಗೆ ಭೂತಗಾಜು ಸಿಕ್ಕಿಸಿ ನೋಡಿದರು.
"ಬಂಗಾರದ ನೀರು ಕುಡಿಸಿದ್ದಾರೆ.
ಗುಂಜಿಯ ನೂರನೇ ಪಾಲೂ ಇಲ್ಲ. ಇಷ್ಟಕ್ಕೆ ಇಷ್ಟು ಕಾಲೇ?"

ಚಿಮಟ ಎತ್ತಿದರು. ಮುಟ್ಟಿಸಲಿಲ್ಲ.
ಗೋವೆಯ ಬಸ್ಸು ದಾಟಿ ನೆಲದ ನಡುಕ ನಿಲ್ಲಲೆಂದು ಕಾದರು.
"ಬಗ್ಗಿದ್ದನ್ನು ಒಮ್ಮೆಲೇ ನೆಟ್ಟಗೆ ಮಾಡಬಾರದು ಬಾಯಿ,
ಅದಕ್ಕೇ ತಿಳಿಯದ ಹಾಗೆ ಮಾಡಬೇಕು."
ಮೂರು ಸಲ, ಸಲಕ್ಕೊಂದು ಕೂದಲೆಳೆ.
ಕೂಲಿ ಕೇಳಿದರೆ ನಕ್ಕರು:
"ನನ್ನ ತಕ್ಕಡಿಗೆ ಬಾರದ ಮಾಲು. ಎಷ್ಟೆಂದು ಹೇಳಲಿ?"

ರಾತ್ರಿ ತ್ರಿಕೋನಕ್ಕೆ ತ್ರಿಕೋನ ಕೂಡಿಸಿ
ಬೆರಳು ಬಿಟ್ಟೆ. ಒತ್ತಲಿಲ್ಲ.
ತನ್ನ ಭಾರಕ್ಕೆ ತಾನೇ ಇಳಿಯಿತು,
ಕೆಸರಲ್ಲಿ ಕೂರುವ ಲಂಗರಿನಂತೆ.
ಪೇಸ್ಟು, ತೊಗರಿ ಕಾಳಿನಷ್ಟು. ಫ್ಯಾನು. ಗುಂಡಿ.
ಒಂದು ಬೀಪ್.
ತೆರೆಯ ಮೇಲೆ ತಾರೀಕು: ಜನವರಿ ಒಂದು, ಎರಡು ಸಾವಿರದ ಒಂಬತ್ತು.
ಸೆಲ್ಲು ಸತ್ತಿದೆ. ನಾಳೆ ತಂದರಾಯಿತು.

ಬೆಳಿಗ್ಗೆ ಉಲ್ಲಾಸನ ಅರ್ಜಿ ಥಟ್ಟನೆ ತೆರೆಯಿತು.
ಹೆಸರು, ದೋಣಿಯ ನಂಬರು,
ಒತ್ತಿದೆ: ಸಲ್ಲಿಸು.
ಚಕ್ರ ತಿರುಗಿತು. ತಿರುಗಿತು.
ಹೊರಗೆ ಒಂದು ಬುಟ್ಟಿ, ಎರಡು ಬುಟ್ಟಿ.
"ಮತ್ತೆ ನಿನ್ನ ಪೆಟ್ಟಿಗೆ!"
"ಅಲ್ಲ" ಎಂದೆ, ಕುರ್ಚಿಯಲ್ಲಿ ನೆಟ್ಟಗಾಗಿ,
"ಇಲ್ಲಿಯದು ಇಲ್ಲಿ ಮುಗಿದಿದೆ.
ಮಲಗಿರೋದು ಆ ಕಡೆಯವರು."